ಒಂದು ಚಮಚ ಹೆಪ್ಪು: ಕಾಂಡಕೋಶಗಳ ಕಥೆ

ಕಳೆದ ಚಳಿಗಾಲದಲ್ಲಿ ನನ್ನ ಅಮ್ಮ ಹಾಸನದಿಂದ ಬಂದಿದ್ದರು. ಬೇ ಏರಿಯಾದ ಬಹಳಷ್ಟು ಮನೆಗಳಂತೆ ನಮ್ಮ ಮನೆಯಲ್ಲೂ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಅಮ್ಮನಿಗೆ ಹಲವು ವರ್ಷಗಳಿಂದ ಮಂಡಿನೋವು. ರಾತ್ರಿ ಮಹಡಿ ಹತ್ತುವಾಗ ಮೆಟ್ಟಿಲಿಗೊಂದು "ಅಯ್ಯಪ್ಪಾ" ಕೇಳಿಸುತ್ತಿತ್ತು.

ಅದೇ ಸಮಯಕ್ಕೆ ಅಂಚೆಯಲ್ಲಿ ಬಣ್ಣದ ಕಾರ್ಡೊಂದು ಬಂತು. ಕಾಂಡಕೋಶದ ಇಂಜೆಕ್ಷನ್ ಕೊಟ್ಟರೆ ಆಪರೇಷನ್ ಇಲ್ಲದೆ ಮಂಡಿ ಸರಿಹೋಗುತ್ತದೆ, ಉಚಿತ ಮಾಹಿತಿ ಸಭೆ ಇದೆ, ಊಟವೂ ಉಚಿತ ಎಂದು ಅದರಲ್ಲಿತ್ತು. ಅಮ್ಮ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಂದ್ಸಲ ಹೋಗಿ ಕೇಳ್ಕೊಂಡು ಬರೋಣ ಕಣೇ, ಏನಂತೆ" ಎಂದರು. ಹೋದೆವು, ನನ್ನ ಒಂಬತ್ತು ವರ್ಷದ ಮಗನೂ ಜೊತೆಗಿದ್ದ.

ಹೋಟೆಲಿನ ಒಂದು ಸಭಾಂಗಣ, ದೊಡ್ಡ ಪರದೆಯ ಮೇಲೆ ಓಡುತ್ತಿರುವ ಅಜ್ಜ-ಅಜ್ಜಿಯರ ಚಿತ್ರಗಳು. ಒಂದು ಮಂಡಿಗೆ ಆರು ಸಾವಿರ ಡಾಲರ್. ಇನ್ಶೂರೆನ್ಸ್ ಇದಕ್ಕೆ ಅನ್ವಯಿಸುವುದಿಲ್ಲ. ಅವತ್ತೇ ಹೆಸರು ಬರೆಸಿದರೆ ಎರಡನೇ ಮಂಡಿಗೆ ರಿಯಾಯಿತಿ. ಅಮ್ಮ ನನ್ನ ಕಿವಿಯಲ್ಲಿ, "ಆಷಾಢದ ಸೀರೆ ಸೇಲ್ ಥರ ಇದೆಯಲ್ಲೇ" ಎಂದರು. ಆದರೆ ಅವರ ಕಣ್ಣಲ್ಲಿ ಆಸೆ ಇತ್ತು. ನೋವಿರುವವರಿಗೆ ಆಸೆ ಇರುವುದು ತಪ್ಪಲ್ಲ. ಹೆಸರು ಬರೆಸದೆ ಹೊರಟೆವು.

ಕಾರಿನಲ್ಲಿ ಮಗ ಕೇಳಿದ: "ಅಮ್ಮಾ, ಸ್ಟೆಮ್ ಸೆಲ್ ಅಂದ್ರೆ ಏನು? ಹಲ್ಲಿಗೆ ಬಾಲ ಮತ್ತೆ ಬೆಳೆಯತ್ತಲ್ಲ, ಹಾಗಾ?"

ನನಗೆ ಸರಿಯಾಗಿ ಉತ್ತರ ಗೊತ್ತಿರಲಿಲ್ಲ. ಮುಂದಿನ ಕೆಲವು ವಾರ ಓದಿ, ನಮ್ಮ ಮನೆವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಮ್ಮ ಶಾಲೆಯ ಮಕ್ಕಳಿಗೂ ಪೋಷಕರಿಗೂ ಹೇಳಬೇಕೆನಿಸಿತು. ಯಾಕೆಂದರೆ ಈ ಕಥೆಯ ದೊಡ್ಡ ಭಾಗ ನಡೆದಿರುವುದು ನಾವಿರುವ ಊರುಗಳಲ್ಲೇ.

ಹೆಪ್ಪು ಎಂದರೆ ಅರ್ಥವಾಗುತ್ತದೆ

ಅಂದು ರಾತ್ರಿ ಅಮ್ಮ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಚಳಿಗಾಲದಲ್ಲಿ ಇಲ್ಲಿ ಮೊಸರು ಹೆಪ್ಪಾಗುವುದು ಕಷ್ಟ, ಪಾತ್ರೆಯನ್ನು ಓವನ್ ಒಳಗೆ ದೀಪ ಹಾಕಿ ಇಡಬೇಕು. ಮಗನಿಗೆ ಅದನ್ನೇ ತೋರಿಸಿದೆ. ಒಂದು ಚಮಚ ಹೆಪ್ಪಿನಿಂದ ಒಂದು ಪಾತ್ರೆ ಮೊಸರಾಗುತ್ತದೆ. ಆ ಮೊಸರಲ್ಲಿ ಅನ್ನ ಕಲಸುತ್ತೇವೆ, ಮಜ್ಜಿಗೆ ಮಾಡುತ್ತೇವೆ. ಆದರೆ ಒಂದು ಚಮಚ ನಾಳೆಯ ಹೆಪ್ಪಿಗೆಂದು ಎತ್ತಿಡುತ್ತೇವೆ. ಎತ್ತಿಡಲು ಮರೆತರೆ ಪಕ್ಕದ ಮನೆಯವರನ್ನು ಕೇಳಬೇಕು.

ನಮ್ಮ ದೇಹದಲ್ಲಿ ಲಕ್ಷಾಂತರ ಕೋಟಿ ಜೀವಕೋಶಗಳಿವೆ. ಹೆಚ್ಚಿನವು ಒಂದೊಂದು ಕೆಲಸಕ್ಕೆ ಪಳಗಿದವು. ಕೆಂಪು ರಕ್ತಕಣ ಆಮ್ಲಜನಕ ಹೊರುತ್ತದೆ, ಸ್ನಾಯುವಿನ ಕೋಶ ಎಳೆಯುತ್ತದೆ, ನರಕೋಶ ಸುದ್ದಿ ಮುಟ್ಟಿಸುತ್ತದೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ ಮಾತ್ರ. ಅದು ಸ್ವತಃ ಇನ್ನೊಂದನ್ನು ಹುಟ್ಟಿಸಲಾರದು. ಹಾಗಿದ್ದರೂ ನಮ್ಮ ರಕ್ತ ಮುಗಿದುಹೋಗುವುದಿಲ್ಲ, ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕೆಂಪುಕಣಗಳು ಹುಟ್ಟುತ್ತಿರುತ್ತವೆ. ಇವೆಲ್ಲ ಹುಟ್ಟುವುದು ಮೂಳೆಯ ಒಳಗಿನ ಮೆತ್ತನೆಯ ಭಾಗದಲ್ಲಿ. ಅದೇ ಅಸ್ಥಿಮಜ್ಜೆ. ಅಲ್ಲಿರುವ ಕೆಲವೇ ಕೆಲವು ಕೋಶಗಳು ಹೆಪ್ಪಿನ ಕೆಲಸ ಮಾಡುತ್ತವೆ. ಒಂದು ಕಡೆ ಹೊಸ ರಕ್ತಕಣಗಳಿಗೆ ಕಾರಣವಾಗುತ್ತವೆ, ಇನ್ನೊಂದು ಕಡೆ ತಮ್ಮಂತಹದೇ ಕೋಶವನ್ನು ನಾಳೆಗೆ ಉಳಿಸುತ್ತವೆ. ಈ ಎರಡೂ ಕೆಲಸ ಮಾಡಬಲ್ಲ ಕೋಶವೇ ಕಾಂಡಕೋಶ. ಕೆಲವರು ಆಕರಕೋಶ ಎಂದೂ ಬರೆಯುತ್ತಾರೆ.

ಚರ್ಮಕ್ಕೆ, ಕರುಳಿನ ಒಳಪದರಕ್ಕೆ, ಕಣ್ಣಿನ ಪಾರದರ್ಶಕ ಪದರಕ್ಕೆ ಬೇರೆ ಬೇರೆ ಕಾಂಡಕೋಶಗಳಿವೆ. ಮೊಸರಿನ ಹೆಪ್ಪಿನಿಂದ ಇಡ್ಲಿ ಹಿಟ್ಟು ಉಬ್ಬಿಸುತ್ತೇವೆಂದರೆ ಆಗದು. ಹಾಗೆಯೇ ರಕ್ತದ ಕಾಂಡಕೋಶ ರಕ್ತವನ್ನು ಮಾಡುತ್ತದೆ, ಮಂಡಿಯನ್ನಲ್ಲ. ಈ ಒಂದು ಮಾತನ್ನು ಮಕ್ಕಳು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೊರೊಂಟೊದಿಂದ ಬೇ ಏರಿಯಾಗೆ

ರಕ್ತದ ಕಾಂಡಕೋಶ ಇದೆ ಎಂದು ಮೊದಲು ಪ್ರಯೋಗದಿಂದ ತೋರಿಸಿದವರು ಕೆನಡಾದ ಟೊರೊಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್, 1960ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಡೊನಾಲ್ ಥಾಮಸ್ ಎಂಬ ವೈದ್ಯರು ರೋಗಿಗಳಿಗೆ ಬೇರೆಯವರ ಅಸ್ಥಿಮಜ್ಜೆ ಕೊಡುವ ಪ್ರಯತ್ನ ಶುರುಮಾಡಿದ್ದರು. ಮೊದಲ ರೋಗಿಗಳು ಉಳಿಯಲಿಲ್ಲ. ಹಲವರು ಇದು ಆಗದ ಕೆಲಸವೆಂದು ಬಿಟ್ಟರೂ ಅವರು ಬಿಡಲಿಲ್ಲ. 1990ರಲ್ಲಿ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ.

ಇನ್ನು ನಮ್ಮ ಊರುಗಳ ಸರದಿ. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್ಎಫ್‌ನಲ್ಲಿ ಗೇಲ್ ಮಾರ್ಟಿನ್ ಎಂಬ ವಿಜ್ಞಾನಿ ಇಲಿಯ ಭ್ರೂಣದಿಂದ ಕಾಂಡಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲೂ ಅದು ಸಾಧ್ಯವಾಯಿತು. 1988ರಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ವಿಂಗ್ ವೈಸ್‌ಮನ್ ಅವರ ಪ್ರಯೋಗಾಲಯ ಇಲಿಯ ರಕ್ತದ ಕಾಂಡಕೋಶಗಳನ್ನು ಉಳಿದ ಕೋಶಗಳಿಂದ ಪ್ರತ್ಯೇಕಿಸಿತು.

1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದ ಕಾಂಡಕೋಶಗಳನ್ನು ಬೆಳೆಸಿದರು. ಇವು ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲವು. ಆದರೆ ಭ್ರೂಣವನ್ನು ಬಳಸುವುದು ಸರಿಯೇ ಎಂಬ ದೊಡ್ಡ ಚರ್ಚೆ ಎದ್ದಿತು. 2001ರಲ್ಲಿ ಅಮೆರಿಕ ಸರ್ಕಾರ ಈ ಸಂಶೋಧನೆಗೆ ಕೊಡುವ ಹಣವನ್ನು ಬಹಳ ಮಿತಿಗೊಳಿಸಿತು. ಆಗ ಕ್ಯಾಲಿಫೋರ್ನಿಯಾದ ಮತದಾರರು 2004ರ ನವೆಂಬರ್‌ನಲ್ಲಿ ಪ್ರೊಪೊಸಿಷನ್ 71ಕ್ಕೆ ಮತ ಹಾಕಿ, ರಾಜ್ಯವೇ 300 ಕೋಟಿ ಡಾಲರ್ ಸಾಲ ಎತ್ತಿ ಸಂಶೋಧನೆಗೆ ಕೊಡುವಂತೆ ಮಾಡಿದರು. ಇದಕ್ಕಾಗಿ ಮುಂದೆ ನಿಂತ ರಾಬರ್ಟ್ ಕ್ಲೈನ್ ವಿಜ್ಞಾನಿಯಲ್ಲ, ಮಧುಮೇಹವಿದ್ದ ಹುಡುಗನೊಬ್ಬನ ತಂದೆ. 2020ರಲ್ಲಿ ಪ್ರೊಪೊಸಿಷನ್ 14ರ ಮೂಲಕ ಮತ್ತೆ 550 ಕೋಟಿ ಡಾಲರ್‌ಗೆ ಒಪ್ಪಿಗೆ ಸಿಕ್ಕಿತು. ಅಂದರೆ ಇಲ್ಲಿ ತೆರಿಗೆ ಕಟ್ಟುವ ನಮ್ಮೆಲ್ಲರ ಹಣವೂ ಇದರಲ್ಲಿದೆ.

ಭ್ರೂಣದ ಚರ್ಚೆಗೆ ಬೇರೆಯದೇ ದಾರಿ ತೋರಿಸಿದವರು ಜಪಾನಿನ ಶಿನ್ಯಾ ಯಮನಾಕಾ. 2006ರಲ್ಲಿ ಅವರು ಇಲಿಯ ಚರ್ಮದ ಕೋಶಗಳಿಗೆ ಕೇವಲ ನಾಲ್ಕು ಜೀನ್‌ಗಳನ್ನು ಸೇರಿಸಿ, ಅವನ್ನು ಭ್ರೂಣದ ಕಾಂಡಕೋಶದಂತಹ ಸ್ಥಿತಿಗೆ ಹಿಂತಿರುಗಿಸಿದರು. ಮರುವರ್ಷ ಮನುಷ್ಯನ ಕೋಶಗಳಲ್ಲೂ ಅದು ಸಾಧ್ಯವಾಯಿತು. ಮೊಸರನ್ನು ಮತ್ತೆ ಹಾಲು ಮಾಡಿದ ಹಾಗೆ! 2012ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಯಮನಾಕಾ ತರಬೇತಿ ಪಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿ. ಮುಂದೆ ಅಲ್ಲೂ ಒಂದು ಪ್ರಯೋಗಾಲಯ ಇಟ್ಟುಕೊಂಡರು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಇನ್‌ಸ್ಟೆಮ್ ಎಂಬ ಕಾಂಡಕೋಶ ವಿಜ್ಞಾನ ಸಂಸ್ಥೆ 2009ರಿಂದ ಕೆಲಸ ಮಾಡುತ್ತಿದೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಜಿಕೆವಿಕೆ ಸಿಗುತ್ತದೆ, ಮಕ್ಕಳಿಗೆ ತೋರಿಸಿ.

ಈಗಾಗಲೇ ಯಾವುದು ಸಾಧ್ಯವಾಗಿದೆ?

*ರಕ್ತ:* ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾದಂತಹ ಕಾಯಿಲೆಗಳಲ್ಲಿ ರೋಗಿಯ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಖಾಲಿ ಮಾಡಿ, ದಾನಿಯ ಕಾಂಡಕೋಶಗಳನ್ನು ಡ್ರಿಪ್ ಹಾಕುವ ಹಾಗೆ ರಕ್ತನಾಳಕ್ಕೆ ಬಿಡುತ್ತಾರೆ. ಅಚ್ಚರಿಯೆಂದರೆ, ಅವು ತಾವಾಗಿಯೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಹೋಗಿ ನೆಲೆಸುತ್ತವೆ. ಕೆಲವು ವಾರಗಳಲ್ಲಿ ಹೊಸ ರಕ್ತ ಹುಟ್ಟತೊಡಗುತ್ತದೆ. ಕಾಂಡಕೋಶ ಚಿಕಿತ್ಸೆಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ನೆಚ್ಚಬಹುದಾದದ್ದು ಇದೇ.

*ಸಿಕಲ್ ಸೆಲ್:* ಈ ಕಾಯಿಲೆಯಲ್ಲಿ ಕೆಂಪುಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ತಡೆಯಲಾರದ ನೋವು ಕೊಡುತ್ತವೆ. ಕರ್ನಾಟಕದ ಮೈಸೂರು, ಚಾಮರಾಜನಗರ ಭಾಗದ ಕೆಲವು ಆದಿವಾಸಿ ಸಮುದಾಯಗಳಲ್ಲೂ ಇದಿದೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಂದು ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ಕತ್ತರಿಯಿಂದ ಅವುಗಳ ಜೀನ್ ತಿದ್ದಿ, ವಾಪಸು ಕೊಡುವುದು. ಕ್ರಿಸ್ಪರ್‌ಗಾಗಿ 2020ರ ನೊಬೆಲ್ ಹಂಚಿಕೊಂಡ ಜೆನಿಫರ್ ಡೌಡ್ನಾ ಬರ್ಕ್ಲಿಯವರು.

*ಚರ್ಮ:* ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಜೀನ್ ದೋಷದಿಂದ ಚಿಟ್ಟೆಯ ರೆಕ್ಕೆಯಷ್ಟು ನಾಜೂಕಾದ ಚರ್ಮ ಪಡೆದಿರುತ್ತಾರೆ. ಮುಟ್ಟಿದರೆ ಗುಳ್ಳೆ, ಉಜ್ಜಿದರೆ ಹುಣ್ಣು. ಸ್ಟ್ಯಾನ್‌ಫರ್ಡ್ ವೈದ್ಯರು ಇಂತಹ ರೋಗಿಗಳ ಚರ್ಮದ ಕೋಶಗಳನ್ನು ತೆಗೆದು, ಸರಿಯಾದ ಜೀನ್ ಸೇರಿಸಿ, ಕ್ರೆಡಿಟ್ ಕಾರ್ಡಿನಷ್ಟು ಅಗಲದ ಹಾಳೆಗಳಾಗಿ ಬೆಳೆಸಿ, ವಾಸಿಯಾಗದ ಹುಣ್ಣುಗಳ ಮೇಲೆ ಹೊಲಿಯುವ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 2025ರ ಏಪ್ರಿಲ್‌ನಲ್ಲಿ ಇದಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

*ಕಣ್ಣು:* ಎಲೆ-ಅಡಿಕೆಯ ಸುಣ್ಣದ ಪೊಟ್ಟಣ ಒತ್ತಿದಾಗ ಕಣ್ಣಿಗೆ ಸಿಡಿದು ದೃಷ್ಟಿ ಕಳೆದುಕೊಂಡ ಮಕ್ಕಳು ನಮ್ಮ ದೇಶದಲ್ಲಿದ್ದಾರೆ. ಕಣ್ಣಿನ ಕರಿ ಭಾಗ ಮತ್ತು ಬಿಳಿ ಭಾಗ ಸೇರುವ ಅಂಚಿನಲ್ಲಿರುವ ಕಾಂಡಕೋಶಗಳು ಸುಟ್ಟರೆ, ಮುಂದಿನ ಪಾರದರ್ಶಕ ಪದರ ಮಂಜಾಗುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯ ವೈದ್ಯರು ರೋಗಿಯ ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಪುಟ್ಟ ಚೂರು ತೆಗೆದು, ಅದನ್ನು ಇನ್ನೂ ಸಣ್ಣ ತುಣುಕುಗಳನ್ನಾಗಿಸಿ ಸುಟ್ಟ ಕಣ್ಣಿನ ಮೇಲೆ ನೆಡುವ ಸರಳ ವಿಧಾನವನ್ನು 2012ರಲ್ಲಿ ಪ್ರಕಟಿಸಿದರು. ದುಬಾರಿ ಪ್ರಯೋಗಾಲಯ ಬೇಕಿಲ್ಲದ ಈ ವಿಧಾನವನ್ನು ಈಗ ಬೇರೆ ದೇಶಗಳೂ ಬಳಸುತ್ತಿವೆ.

ಎಲ್ಲವೂ ಹೀಗೆ ಸುಖಾಂತ್ಯವಾಗಿಲ್ಲ. ಮೆನ್ಲೋ ಪಾರ್ಕಿನ ಜೆರಾನ್ ಕಂಪನಿ 2010ರಲ್ಲಿ, ಭ್ರೂಣ ಮೂಲದ ಕಾಂಡಕೋಶಗಳಿಂದ ಬೆಳೆಸಿದ ಕೋಶಗಳನ್ನು ಬೆನ್ನುಹುರಿಗೆ ಪೆಟ್ಟಾದ ರೋಗಿಗೆ ಕೊಡುವ ಜಗತ್ತಿನ ಮೊದಲ ಪ್ರಯೋಗ ಆರಂಭಿಸಿ, ಮರುವರ್ಷವೇ ಹಣಕಾಸಿನ ಕಾರಣಕ್ಕೆ ನಿಲ್ಲಿಸಿತು. ಮುಂದೆ ಫ್ರೀಮಾಂಟ್‌ನ ಆಸ್ಟೀರಿಯಾಸ್ ಎಂಬ ಕಂಪನಿ ರಾಜ್ಯದ ಹಣದ ನೆರವಿನಿಂದ ಆ ಕೆಲಸವನ್ನು ಮುಂದುವರಿಸಿತು. ಬೆನ್ನುಹುರಿ, ಮೆದುಳು, ಹೃದಯ ಇವುಗಳ ರಿಪೇರಿ ಇನ್ನೂ ಬಹುಮಟ್ಟಿಗೆ ಪ್ರಯೋಗದ ಹಂತದಲ್ಲೇ ಇದೆ.

ಹಾಗಾದರೆ ಅಜ್ಜಿಯ ಮಂಡಿ?

"ಅಜ್ಜಿ ಮಂಡಿಗೂ ಹೆಪ್ಪು ಹಾಕಕ್ಕಾಗಲ್ವಾ?" ಎಂದು ಮಗ ವೈದ್ಯರನ್ನೇ ಕೇಳಿದ. ಅವರು ನಕ್ಕು ಹೇಳಿದ್ದು ಹೀಗೆ: ಮಂಡಿಯ ಮೂಳೆಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿ ಇರುತ್ತದೆ. ಅದಕ್ಕೆ ರಕ್ತನಾಳಗಳೇ ಇಲ್ಲ, ಆದ್ದರಿಂದ ಸವೆದರೆ ಮತ್ತೆ ಬೆಳೆಯುವುದು ತೀರಾ ಕಡಿಮೆ. ಹೊಟ್ಟೆಯ ಕೊಬ್ಬಿನಿಂದಲೋ ಸೊಂಟದ ಮೂಳೆಯಿಂದಲೋ ತೆಗೆದ ಕೋಶಗಳನ್ನು ಮಂಡಿಗೆ ಚುಚ್ಚಿದ ಮಾತ್ರಕ್ಕೆ ಅವು ಹೊಸ ಮೃದ್ವಸ್ಥಿಯಾಗುತ್ತವೆ ಎಂಬುದಕ್ಕೆ ಆಧಾರವಿಲ್ಲ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸುಮಾರು 475 ಮಂಡಿನೋವಿನ ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಇಂತಹ ಕೋಶಗಳ ಇಂಜೆಕ್ಷನ್ ಪಡೆದವರಿಗೂ ಸಾಮಾನ್ಯ ಸ್ಟೆರಾಯ್ಡ್ ಇಂಜೆಕ್ಷನ್ ಪಡೆದವರಿಗೂ ನೋವಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ.

ಹಣ ಹೋಗುವುದಷ್ಟೇ ಆದರೆ ಒಂದು ಮಾತು. 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ಫ್ಲಾರಿಡಾದ ಮೂವರು ಮಹಿಳೆಯರ ಬಗ್ಗೆ ವರದಿ ಮಾಡಿತು. ಕ್ಲಿನಿಕ್ಕೊಂದರಲ್ಲಿ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೇಲೆ ಮೂವರೂ ದೃಷ್ಟಿ ಕಳೆದುಕೊಂಡರು. 2018ರಲ್ಲಿ, ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ ಇಂಜೆಕ್ಷನ್ ಪಡೆದ 12 ಜನರಿಗೆ ಸೋಂಕು ತಗುಲಿದ್ದನ್ನು ಸಿಡಿಸಿ ಪ್ರಕಟಿಸಿತು. 2016ರ ಒಂದು ಎಣಿಕೆಯ ಪ್ರಕಾರ ಅಮೆರಿಕದಲ್ಲಿ ನೇರವಾಗಿ ಗ್ರಾಹಕರಿಗೆ ಇಂತಹ ಚಿಕಿತ್ಸೆ ಮಾರುವ 570 ಕ್ಲಿನಿಕ್‌ಗಳಿದ್ದವು, ಅತಿ ಹೆಚ್ಚು ಇದ್ದದ್ದು ನಮ್ಮ ಕ್ಯಾಲಿಫೋರ್ನಿಯಾದಲ್ಲೇ. ಎಫ್‌ಡಿಎ ಒಪ್ಪಿಗೆ ಇಲ್ಲದ ಕಾಂಡಕೋಶ ಚಿಕಿತ್ಸೆ ಕೊಡುವವರು ಆ ವಿಷಯವನ್ನು ರೋಗಿಗಳಿಗೆ ಕಾಣುವಂತೆ ಬರೆದು ಹಾಕಬೇಕೆಂದು ರಾಜ್ಯ 2017ರಲ್ಲಿ ಕಾನೂನು ಮಾಡಿದೆ.

ನಮ್ಮ ವೈದ್ಯರು ಹೇಳಿಕೊಟ್ಟ ಪ್ರಶ್ನೆಗಳನ್ನು ನೀವೂ ಬರೆದಿಟ್ಟುಕೊಳ್ಳಿ, ಊರಿನಲ್ಲಿರುವ ಅಪ್ಪ-ಅಮ್ಮನಿಗೂ ಹೇಳಿ. ನನ್ನ ಈ ಕಾಯಿಲೆಗೆ ಈ ಚಿಕಿತ್ಸೆಗೆ ಸರ್ಕಾರದ ಒಪ್ಪಿಗೆ ಇದೆಯೇ? ಇದು ಪ್ರಯೋಗವಾದರೆ ನನ್ನಿಂದ ಹಣ ಏಕೆ ಕೇಳುತ್ತೀರಿ? ಒಂದೇ ಇಂಜೆಕ್ಷನ್ ಮಂಡಿಗೂ ಸಕ್ಕರೆ ಕಾಯಿಲೆಗೂ ಮರೆವಿಗೂ ಆಗುತ್ತದೆಂದರೆ ಹೇಗೆ? ಭಾರತದಲ್ಲೂ ಐಸಿಎಂಆರ್‌ನ 2017ರ ಮಾರ್ಗಸೂಚಿ, ರಕ್ತ ಸಂಬಂಧಿ ಕಾಯಿಲೆಗಳ ಕಸಿಯಂತಹ ಒಪ್ಪಿತ ಚಿಕಿತ್ಸೆ ಬಿಟ್ಟು ಉಳಿದವನ್ನೆಲ್ಲ ಸರಿಯಾದ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಸಬೇಕೆಂದು ಹೇಳುತ್ತದೆ.

ಅಮ್ಮ ಫಿಸಿಯೋಥೆರಪಿ ಆರಿಸಿಕೊಂಡರು. ಮಂಡಿ ಹೊಸದಾಗಲಿಲ್ಲ. ಆದರೆ ತೊಡೆಯ ಸ್ನಾಯು ಗಟ್ಟಿಯಾದ ಹಾಗೆ ಮೆಟ್ಟಿಲಿನ "ಅಯ್ಯಪ್ಪಾ"ಗಳು ಕಡಿಮೆಯಾದವು.

ನಾವು ಕೊಡಬಹುದಾದ ಹೆಪ್ಪು

ಓದುತ್ತಾ ಹೋದಂತೆ ನನ್ನನ್ನು ಹೆಚ್ಚು ಕಾಡಿದ್ದು ಮಂಡಿಯ ವಿಷಯವಲ್ಲ. ರಕ್ತದ ಕಾಂಡಕೋಶ ಕಸಿ ಮಾಡಬೇಕಾದರೆ ದಾನಿ ಮತ್ತು ರೋಗಿಯ ಎಚ್‌ಎಲ್‌ಎ ಎಂಬ ಗುರುತುಗಳು ಹೊಂದಬೇಕು. ಈ ಗುರುತುಗಳಲ್ಲಿ ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರುತ್ತವೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಯಲ್ಲಿ ಸಿಗದಿದ್ದರೆ ನೋಂದಣಿ ಪಟ್ಟಿಯಲ್ಲಿ ಹುಡುಕಬೇಕು. ಈ ಗುರುತುಗಳು ಪೂರ್ವಜರಿಂದ ಬಂದವಾದ್ದರಿಂದ, ನಮ್ಮವರಿಗೆ ಹೊಂದುವವರು ಬಹುತೇಕ ನಮ್ಮವರಲ್ಲೇ ಇರುತ್ತಾರೆ. ಅಮೆರಿಕದ ಎನ್‌ಎಂಡಿಪಿ ನೋಂದಣಿಯ ಲೆಕ್ಕದಲ್ಲಿ, ಬಿಳಿಯರಿಗೆ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಶೇಕಡಾ 79. ಏಷ್ಯಾ ಮೂಲದವರಿಗೆ ಶೇಕಡಾ 47. ಅರ್ಧ ಹೊಂದುವ ತಂದೆ-ತಾಯಿ ಅಥವಾ ಮಕ್ಕಳಿಂದಲೂ ಕಸಿ ಮಾಡುವ ವಿಧಾನಗಳು ಈಗ ಸುಧಾರಿಸಿವೆ, ಆದರೂ ಪಟ್ಟಿಯಲ್ಲಿ ನಮ್ಮವರು ಹೆಚ್ಚಿದಷ್ಟೂ ಒಳ್ಳೆಯದು.

2007ರಲ್ಲಿ ಬೇ ಏರಿಯಾದ ನಂಟಿದ್ದ ಇಬ್ಬರು ಭಾರತೀಯ ಮೂಲದ ಯುವಕರಿಗೆ ರಕ್ತದ ಕ್ಯಾನ್ಸರ್ ಬಂತು. ಪಟ್ಟಿಯಲ್ಲಿ ದಾನಿಗಳಿರಲಿಲ್ಲ. ಗೆಳೆಯರು, ಮನೆಯವರು ಕಚೇರಿ, ಕಾಲೇಜು, ದೇವಸ್ಥಾನಗಳಲ್ಲಿ ಶಿಬಿರ ನಡೆಸಿ 11 ವಾರಗಳಲ್ಲಿ 24,611 ದಕ್ಷಿಣ ಏಷ್ಯಾದವರ ಹೆಸರು ಬರೆಸಿದರು. ಸ್ಟ್ಯಾನ್‌ಫರ್ಡ್‌ನ ಜೆನಿಫರ್ ಆಕರ್ ಮತ್ತು ಆಂಡಿ ಸ್ಮಿತ್ 'ದಿ ಡ್ರ್ಯಾಗನ್‌ಫ್ಲೈ ಎಫೆಕ್ಟ್' ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಇಬ್ಬರಿಗೂ ದಾನಿಗಳು ಸಿಕ್ಕರು, ಕಸಿಯೂ ಆಯಿತು. ಆದರೆ ಕಾಯಿಲೆ ಮರುಕಳಿಸಿ 2008ರಲ್ಲಿ ಇಬ್ಬರೂ ತೀರಿಕೊಂಡರು. ಅವರಿಗೆಂದು ಹೆಸರು ಬರೆಸಿದವರಲ್ಲಿ ಕೆಲವರು ಮುಂದೆ ತಮಗೆ ಗುರುತೇ ಇಲ್ಲದ ಬೇರೆ ರೋಗಿಗಳಿಗೆ ಹೊಂದಿಕೆಯಾದರು.

ಹೆಸರು ಬರೆಸುವುದು ಸುಲಭ. ವಯಸ್ಸು 18ರಿಂದ 40ರ ಒಳಗಿರಬೇಕು, ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಂತಹ ಸ್ವಾಬ್‌ನಿಂದ ಒರೆಸಿ ಕಳಿಸಿದರೆ ಮುಗಿಯಿತು. ಭಾರತದಲ್ಲೂ ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನದಂತಹ ನೋಂದಣಿಗಳಿವೆ.

"ಬೆನ್ನುಮೂಳೆಗೆ ಸೂಜಿ ಚುಚ್ತಾರಂತೆ" ಎಂಬ ಭಯ ನಮ್ಮಲ್ಲಿ ಹಲವರಿಗಿದೆ. ಹಾಗೇನಿಲ್ಲ. ಬಹುಪಾಲು ದಾನಿಗಳಿಗೆ ಐದು ದಿನ ಇಂಜೆಕ್ಷನ್ ಕೊಟ್ಟು, ಕಾಂಡಕೋಶಗಳು ರಕ್ತಕ್ಕೆ ಬರುವಂತೆ ಮಾಡಿ, ಕೆಲವು ಗಂಟೆ ಯಂತ್ರದ ಮೂಲಕ ರಕ್ತ ಹಾಯಿಸಿ ತೆಗೆಯುತ್ತಾರೆ. ಆ ದಿನಗಳಲ್ಲಿ ಮೈಕೈ ನೋವು ಇರುತ್ತದೆ. ಕೆಲವರಿಂದ ಮಾತ್ರ, ಅರಿವಳಿಕೆ ಕೊಟ್ಟು, ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಬೆನ್ನುಹುರಿಯನ್ನು ಮುಟ್ಟುವುದಿಲ್ಲ. ತೆಗೆದದ್ದು ದೇಹದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಹೆಪ್ಪಿನ ಹಾಗೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ದಾನದ ದಿನ ಹತ್ತಿರ ಬಂದಾಗ ರೋಗಿಯ ಮಜ್ಜೆಯನ್ನು ಔಷಧಿಯಿಂದ ಖಾಲಿ ಮಾಡಿರುತ್ತಾರೆ. ಆಗ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಆದ್ದರಿಂದ ಹೆಸರು ಬರೆಸುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ, ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ.

ನನಗೆ 40 ದಾಟಿದೆ, ಅವಕಾಶ ತಪ್ಪಿತು. ನಮ್ಮ ಶಾಲೆಯಲ್ಲೇ ಅ ಆ ಇ ಈ ಕಲಿತ ನನ್ನ ಮಗಳಿಗೆ ಫೆಬ್ರವರಿಯಲ್ಲಿ 18 ತುಂಬಿತು. ಅಮ್ಮ ಊರಿಗೆ ಹೊರಡುವ ಹಿಂದಿನ ಸಂಜೆ ಅವಳ ಸ್ವಾಬ್ ಕಿಟ್ ಬಂತು. ಅಡುಗೆಮನೆಯ ಮೇಜಿನ ಬಳಿ ಕೂತು ಅವಳು ಕೆನ್ನೆ ಒರೆಸಿಕೊಂಡಳು. ಅಮ್ಮ ಎಲ್ಲವನ್ನೂ ಕೇಳಿ ತಿಳಿದುಕೊಂಡು ಹೇಳಿದರು: "ದೀಪ ಹಚ್ಚಿದ ಮೇಲೆ ಯಾರಿಗೂ ಹೆಪ್ಪು ಕೊಡಬಾರದು ಅಂತಿದ್ರು ನಮ್ಮತ್ತೆ. ಇದನ್ನ ಯಾವ ಹೊತ್ತಲ್ಲಾದ್ರೂ ಕೊಡಬಹುದು ಬಿಡು ಪುಟ್ಟಾ."

ಮರುದಿನ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕಿಟ್ಟನ್ನು ಅಂಚೆಗೆ ಹಾಕಿದೆವು.

ಮಕ್ಕಳಿಗೆ ಪದಗಳು

ಜೀವಕೋಶ: ದೇಹದ ಅತಿ ಚಿಕ್ಕ ಜೀವಂತ ಘಟಕ, ಸೆಲ್.
ಕಾಂಡಕೋಶ: ತನ್ನಂತಹದೇ ಕೋಶವನ್ನೂ ಬೇರೆ ಕೆಲಸದ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ, ಸ್ಟೆಮ್ ಸೆಲ್.
ಅಸ್ಥಿಮಜ್ಜೆ: ಮೂಳೆಯೊಳಗಿನ ಮೆತ್ತನೆಯ ಭಾಗ, ಬೋನ್ ಮ್ಯಾರೋ.
ಮೃದ್ವಸ್ಥಿ: ಕೀಲುಗಳಲ್ಲಿರುವ ನುಣುಪಾದ, ಬಾಗುವ ಪದರ, ಕಾರ್ಟಿಲೇಜ್. ನಿಮ್ಮ ಕಿವಿ ಬಗ್ಗಿಸಿ ನೋಡಿ, ಅಲ್ಲೂ ಇದೆ.
ಕಸಿ: ಒಂದು ಕಡೆಯದನ್ನು ಇನ್ನೊಂದು ಕಡೆ ಬೆಳೆಯುವಂತೆ ಸೇರಿಸುವುದು. ಗುಲಾಬಿಗೂ ಇದೇ ಪದ, ಮಜ್ಜೆಗೂ ಇದೇ ಪದ.

ಮನೆಯಲ್ಲಿ ಮಾಡಿ ನೋಡಿ

ಅಮ್ಮ ಅಥವಾ ಅಪ್ಪನ ಜೊತೆ ಎರಡು ಲೋಟ ಉಗುರುಬೆಚ್ಚಗಿನ ಹಾಲು ತೆಗೆದುಕೊಳ್ಳಿ. ಒಂದಕ್ಕೆ ಅರ್ಧ ಚಮಚ ಮೊಸರು ಹಾಕಿ, ಇನ್ನೊಂದಕ್ಕೆ ಏನೂ ಹಾಕಬೇಡಿ. ಎರಡನ್ನೂ ರಾತ್ರಿಯಿಡೀ ಬೆಚ್ಚಗಿರುವ ಕಡೆ ಇಡಿ. ಬೆಳಿಗ್ಗೆ ಏನಾಗಿದೆ? ಹೆಪ್ಪು ಹಾಕದ ಲೋಟದ ಹಾಲನ್ನು ಕುಡಿಯದೆ ಚೆಲ್ಲಿಬಿಡಿ. ಮೊಸರಾದ ಲೋಟದಿಂದ ಅರ್ಧ ಚಮಚ ತೆಗೆದು ಮತ್ತೆ ಹೊಸ ಹಾಲಿಗೆ ಹಾಕಿ. ಎಷ್ಟು ದಿನ ಹೀಗೆ ಮುಂದುವರಿಸಬಲ್ಲಿರಿ? ಕನ್ನಡದಲ್ಲಿ ನಾಲ್ಕು ಸಾಲು ಬರೆದು ಮುಂದಿನ ತರಗತಿಗೆ ತನ್ನಿ.